ಪುಸ್ತಕ ವಿನಿಮಯ: ನಾವು ಈಗಾಗಲೇ ತೆತ್ತಿರುವ ಬೆಲೆ

ಕಳೆದ ಮಳೆಗಾಲದಲ್ಲಿ ಕಡಬದ ಮಿತ್ರರೊಬ್ಬರು ಈಗ ಅಂಗಡಿಗಳಲ್ಲಿ ದೊರೆಯದ ಪುಸ್ತಕವೊಂದನ್ನು ಕೇಳಿದರು. ನನ್ನಲ್ಲಿ ಅದರ ಎರಡು ಪ್ರತಿಗಳಿದ್ದವು. ಒಂದಕ್ಕೆ ಆಗಲೇ ಬೂಸ್ಟು ಹಿಡಿದಿತ್ತು. ಇನ್ನೊಂದನ್ನು ಪುತ್ತೂರಿನಿಂದ ಕೊರಿಯರ್ ಮೂಲಕ ಕಳುಹಿಸಿದೆ. ಪುಸ್ತಕದ ಮುಖಬೆಲೆ 45 ರೂಪಾಯಿ, ಸಾಗಣೆಗೆ ತೆತ್ತದ್ದು 60.

ಈ ಸಂಗತಿಯನ್ನು ಅಮೆರಿಕದಲ್ಲಿರುವ ಮಗಳಿಗೆ ಹೇಳಿದಾಗ ಅವಳು ಅಲ್ಲಿನ ಪುಸ್ತಕ ವಿನಿಮಯ ತಾಣಗಳ ವಿಚಾರ ತಿಳಿಸಿದಳು. 2004ರಲ್ಲಿ ಆರಂಭವಾದ ಪೇಪರ್‌ಬ್ಯಾಕ್‌ಸ್ವಾಪ್ ಇವುಗಳಲ್ಲಿ ಒಂದು. ಓದಿ ಮುಗಿಸಿದ ಪುಸ್ತಕವನ್ನು ಸ್ವಂತ ಅಂಚೆ ವೆಚ್ಚದಲ್ಲಿ ಇನ್ನೊಬ್ಬ ಸದಸ್ಯರಿಗೆ ಕಳುಹಿಸಿದರೆ ಒಂದು 'ಕ್ರೆಡಿಟ್' ಜಮೆಯಾಗುತ್ತದೆ. ಅದನ್ನು ಬಳಸಿ ಬೇರೊಬ್ಬರಿಂದ ಪುಸ್ತಕ ಪಡೆಯಬಹುದು. ಕಳುಹಿಸಲು ಪುಸ್ತಕವಿಲ್ಲದವರು ಹಣ ಕೊಟ್ಟು ಕ್ರೆಡಿಟ್ ಕೊಳ್ಳಬಹುದು.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲೊಂದು ಸ್ವಾರಸ್ಯವಿದೆ. ಕ್ರೆಡಿಟ್ಟಿನ ಬೆಲೆ ಅಂಚೆ ವೆಚ್ಚಕ್ಕಿಂತ ಕಡಿಮೆಯಾದರೆ ಯಾರೂ ಪುಸ್ತಕ ಕಳುಹಿಸುವುದಿಲ್ಲ, ಎಲ್ಲರೂ ಕ್ರೆಡಿಟ್ಟನ್ನೇ ಕೊಳ್ಳುತ್ತಾರೆ. ಹಳೆ ಪುಸ್ತಕದಂಗಡಿಯ ಬೆಲೆಗಿಂತ ಹೆಚ್ಚಾದರೆ ಯಾರೂ ಕೊಳ್ಳುವುದಿಲ್ಲ. ಪುಸ್ತಕಗಳಿಗಿಂತ ಹೆಚ್ಚು ಕ್ರೆಡಿಟ್ ಚಲಾವಣೆಗೆ ಬಂದರೆ ಅದೂ ಒಂದು ಬಗೆಯ ಹಣದುಬ್ಬರವೇ. ಎಲ್ಲ ಪುಸ್ತಕಕ್ಕೂ ಒಂದೇ ಕ್ರೆಡಿಟ್ ಆದ್ದರಿಂದ ಗ್ರೆಶಾಮನ ನಿಯಮವೂ ಅನ್ವಯಿಸುತ್ತದೆ: ಒಳ್ಳೆಯ ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ, ಬೇಡದ್ದು ಪಟ್ಟಿಗೆ ಸೇರುತ್ತದೆ. ಒಟ್ಟಿನಲ್ಲಿ ಕ್ರೆಡಿಟ್ ಎಂಬುದು ಪುಸ್ತಕದ ಬೆಲೆಯಲ್ಲ, ಸಾಗಣೆಯ ಬೆಲೆ.

ಹಾಗಾದರೆ ನಮ್ಮಲ್ಲಿ ಸಾಗಣೆಯ ಬೆಲೆ ಎಷ್ಟು? 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆಯು ನೋಂದಾಯಿತ ಪುಸ್ತಕ ಅಂಚೆಯನ್ನು ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗೆಟ್ಟಿದ್ದರು. 2025ರ ಮೇ 1ರಂದು 'ಜ್ಞಾನ ಪೋಸ್ಟ್' ಆರಂಭವಾಯಿತು. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಹಾಗೂ ಧಾರ್ಮಿಕ ಪುಸ್ತಕಗಳನ್ನು ವಾಣಿಜ್ಯೋದ್ದೇಶವಿಲ್ಲದೆ ಕಳುಹಿಸಲು ಇರುವ ಸೇವೆಯಿದು. ಆರಂಭದಲ್ಲಿ ಪ್ರಕಟಿಸಿದ ದರದಂತೆ 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋಗ್ರಾಮಿಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ನಾನು ಕೊರಿಯರಿಗೆ ಸುರಿದ ದುಡ್ಡು ದಂಡವೆಂದು ತಿಳಿದದ್ದು ಆಮೇಲೆ.

ಈ ದರಪಟ್ಟಿಯನ್ನು ಗಮನವಿಟ್ಟು ನೋಡಬೇಕು. ಹೊದಿಕೆಯೂ ಸೇರಿ 300 ಗ್ರಾಂ ತೂಗುವ ಹದಿನಾರು ಪುಸ್ತಕಗಳನ್ನು ಬಿಡಿಬಿಡಿಯಾಗಿ ಕಳುಹಿಸಿದರೆ 320 ರೂಪಾಯಿ. ಒಂದೇ ಕಟ್ಟಾಗಿ ಕಳುಹಿಸಿದರೆ 100, ಅಂದರೆ ಪುಸ್ತಕವೊಂದಕ್ಕೆ ಆರೂಕಾಲು ರೂಪಾಯಿ. ವಿನಿಮಯವು ವ್ಯಕ್ತಿಗಳ ನಡುವೆ ನಡೆದಾಗ ದುಬಾರಿ, ಸಂಸ್ಥೆಗಳ ನಡುವೆ ನಡೆದಾಗ ಅಗ್ಗ. ಪುತ್ತೂರು, ಸುಳ್ಯ, ಕಡಬಗಳಿಗೆ ಬೇಕಾದದ್ದು ಇನ್ನೊಂದು ಅಂತರಜಾಲ ತಾಣವಲ್ಲ, ಮೂರು ಊರುಗಳ ಗ್ರಂಥಾಲಯಗಳ ನಡುವೆ ತಿಂಗಳಿಗೊಮ್ಮೆ ಸುತ್ತುವ ಪುಸ್ತಕದ ಕಟ್ಟು. ಪುತ್ತೂರಿನಿಂದ ಸುಳ್ಯಕ್ಕೆ, ಸುಳ್ಯದಿಂದ ಕಡಬಕ್ಕೆ, ಅಲ್ಲಿಂದ ಮರಳಿ ಪುತ್ತೂರಿಗೆ ಒಂದೊಂದು ಕಟ್ಟು ಹೋದರೂ ಈ ದರದಲ್ಲಿ ವರ್ಷದ ಖರ್ಚು 3,600 ರೂಪಾಯಿ ಮತ್ತು ತೆರಿಗೆ.

ಹಣವೆಲ್ಲಿ ಎಂದು ಕೇಳುವವರು ತಮ್ಮ ಮನೆ ತೆರಿಗೆಯ ರಸೀದಿಯನ್ನು ತೆಗೆದು ನೋಡಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಸೂಲಾಗುತ್ತದೆ. ಅದರ ಪ್ರಮಾಣ ಶೇಕಡಾ 6. ಸಾವಿರ ರೂಪಾಯಿ ತೆರಿಗೆ ಕಟ್ಟುವವರು ಅರವತ್ತು ರೂಪಾಯಿ ಕರ ಕಟ್ಟುತ್ತಾರೆ. ಅಂಥ ಅರವತ್ತು ಮನೆಗಳ ಕರ ಈ ಅಂಚೆ ವೆಚ್ಚಕ್ಕೆ ಸಮ. ನಾವು ಕ್ರೆಡಿಟ್ಟನ್ನು ಈಗಾಗಲೇ ಕೊಂಡಿದ್ದೇವೆ. ಅದನ್ನು ಬಳಸುವ ಏರ್ಪಾಟು ಮಾತ್ರ ಇಲ್ಲ.

ಅಡ್ಡಿಗಳು ಇಲ್ಲವೆಂದಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಪಟ್ಟಣಗಳವು ಗ್ರಂಥಾಲಯ ಇಲಾಖೆಯಲ್ಲೇ ಉಳಿದವು. ಎರಡು ಇಲಾಖೆಗಳ ನಡುವೆ ಒಂದು ಕಡತ ಸಾಗಲು ಹಿಡಿಯುವ ಕಾಲವನ್ನು ಸೇವೆಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ. ದಾಸ್ತಾನು ವಹಿಯಲ್ಲಿ ನಮೂದಾದ ಪುಸ್ತಕ ಕಳೆದುಹೋದರೆ ಮೇಲ್ವಿಚಾರಕರೇ ಉತ್ತರ ಹೇಳಬೇಕಾಗುತ್ತದೆ. ಆ ಭಯವಿರುವವರೆಗೆ ಪುಸ್ತಕ ಹೊಸ್ತಿಲು ದಾಟದು. ಆದ್ದರಿಂದ ಓದುಗರು ವಿನಿಮಯಕ್ಕೆ ಕೊಟ್ಟ ಪುಸ್ತಕಗಳನ್ನು ದಾಸ್ತಾನಿಗೆ ಸೇರಿಸದೆ ಪ್ರತ್ಯೇಕ ವಹಿಯಲ್ಲಿ ಬರೆದಿಡಬೇಕು, ನಷ್ಟಕ್ಕೆ ನೌಕರರನ್ನು ಹೊಣೆ ಮಾಡಬಾರದು. ಜಿಲ್ಲಾ ಮಟ್ಟದಲ್ಲಿ ಎರಡೂ ಇಲಾಖೆಯವರು ಕುಳಿತು ಜಂಟಿ ಆದೇಶವೊಂದನ್ನು ಹೊರಡಿಸಿದರೆ ಸಾಕು.

ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಸೀಮೆಯಿದು. ಇಲ್ಲಿ ಪುಸ್ತಕವಿರುವ ಮನೆಗಳಿಗೆ ಬರವಿಲ್ಲ. ಆದರೆ ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಹಿರಿಯರ ಕಪಾಟುಗಳನ್ನು ಪ್ರತಿ ಮಳೆಗಾಲವೂ ಬೂಸ್ಟು ಮತ್ತು ಒರಲೆ ಹಂಚಿಕೊಳ್ಳುತ್ತಿವೆ. ಬೂಸ್ಟು ಹಿಡಿದ ನನ್ನ ಆ ಪ್ರತಿಯನ್ನು ಯಾವ ಕ್ರೆಡಿಟ್ಟಿಗೂ ಮರಳಿ ಪಡೆಯಲಾಗದು. ಉಳಿದವು ಬೇಕಾದವರ ಕೈ ಸೇರಬೇಕಾದರೆ ಮುಂದಿನ ಮಳೆ ಹಿಡಿಯುವ ಮೊದಲೇ ಕಟ್ಟು ಹೊರಡಬೇಕು.