ಏಳನೇ ಮನೆಯಲ್ಲಿ ದೋಷ

ಇಲ್ಲಿ ಏನಾದ್ರೂ ಬರೆದು ಬಹಳ ದಿನ ಆಯ್ತು. ಕೆಲಸ ಜಾಸ್ತಿ ಅಂತ ಹೇಳಿಬಿಡಬಹುದು. ಆದ್ರೆ ನಿಜ ಏನಂದ್ರೆ, ಸಂಜೆಗಳೆಲ್ಲ ಗಿಟಾರಿಗೆ ಹೋದವು. ನುಡಿಸೋಕಲ್ಲ, ರಿಪೇರಿಗೆ!

ಮೊದಲ ಸಂಬಳದಲ್ಲಿ ತಗೊಂಡ ಗಿಟಾರ್ ಅದು. ಮೂರನೇ ತಂತಿಯನ್ನ ಏಳನೇ ಮನೆಯಲ್ಲಿ ಒತ್ತಿದ್ರೆ ಸಾಕು, ಡಬ್ಬದೊಳಗೆ ಸಿಕ್ಕಿಬಿದ್ದ ನೊಣದ ಹಾಗೆ ಝರ್ರ್ ಅನ್ನೋದು. (ಏಳನೇ ಮನೇಲಿ ದೋಷ ಅಂದಿದ್ದೇ ತಡ, ಅಮ್ಮ ನನ್ನ ಜಾತಕ ಹುಡುಕೋಕೆ ಹೊರಟಿದ್ದು ಬೇರೆ ಕತೆ.) ಅಂಗಡಿಗೆ ಒಯ್ದೆ. ಅವರು ಎರಡು ನಿಮಿಷ ನೋಡಿ, "ಬ್ರಿಜ್ ಹತ್ರ ತಂತಿ ಸ್ವಲ್ಪ ಎತ್ತರಿಸೋಣ, ಇಲ್ಲಾಂದ್ರೆ ಫ್ರೆಟ್ ಉಜ್ಜಿಬಿಡೋಣ" ಅಂದ್ರು. ನನ್ನ ತಕರಾರು ಇರೋದು ಇಲ್ಲೇ.

ಏಳರಲ್ಲಿ ಸದ್ದು ಬಂದ್ರೆ ತಪ್ಪು ಸಾಮಾನ್ಯವಾಗಿ ಏಳರದ್ದಲ್ಲ, ಅದರ ಮುಂದಿನದ್ದು. ಒತ್ತಿದ ತಂತಿ ಅದುರುವಾಗ ಎಂಟನೇ ಫ್ರೆಟ್ ತಲೆ ಎತ್ತಿದ್ರೆ ಅದಕ್ಕೆ ತಾಗುತ್ತೆ. ದೋಷ ಅಷ್ಟಮದಲ್ಲಿ! ಪರೀಕ್ಷೆ ಸುಲಭ. ಎಟಿಎಂ ಕಾರ್ಡಿನ ನೇರ ಅಂಚನ್ನ ಒಟ್ಟಿಗೆ ಮೂರೇ ಫ್ರೆಟ್ ಮೇಲೆ ನಿಲ್ಲಿಸಿ. ಏತದ ಹಾಗೆ ಆಚೀಚೆ ತೂಗಿದ್ರೆ ನಡುವಿನದ್ದು ಎತ್ತರ ಇದೆ ಅಂತ. ಆಮೇಲೆ ಮರದ ತುಂಡಿನಿಂದ ಆ ಫ್ರೆಟ್ಟನ್ನ ಒತ್ತಿ ನೋಡಿ. ನನ್ನದು ಒತ್ತಿದಾಗ ಕೆಳಗೆ ಹೋಯ್ತು, ಬಿಟ್ಟಾಗ ಮೇಲೆ ಬಂತು. ಅಂದ್ರೆ ಲೋಹ ದಪ್ಪ ಆಗಿಲ್ಲ, ಗಾಡಿಯಿಂದ ಎದ್ದಿದೆ ಅಷ್ಟೇ.

ಎದ್ದ ಫ್ರೆಟ್ಟನ್ನ ಉಜ್ಜಿದ್ರೆ ಏನಾಗುತ್ತೆ? ಇವತ್ತು ಸರಿ ಕೇಳುತ್ತೆ. ನಾಳೆ ಅದು ವಾಪಸ್ ಕೂತ್ರೆ ತಗ್ಗಾಗಿಬಿಡುತ್ತೆ, ಆಗ ಎಂಟನೇ ಮನೇಲಿ ಒತ್ತಿದ್ರೆ ಒಂಬತ್ತರಲ್ಲಿ ಝರ್ರ್. ಉಜ್ಜಿದ ಲೋಹ ತಿರುಗಿ ಬರಲ್ಲ. ತಂತಿ ಎತ್ತರಿಸೋದಂತೂ ಒಂದು ಫ್ರೆಟ್ಟಿನ ತಪ್ಪಿಗೆ ಉಳಿದ ಎಲ್ಲಾ ಮನೆಗಳಲ್ಲೂ ಬೆರಳಿಗೆ ಶಿಕ್ಷೆ. ನಾವೂ ಆಫೀಸಲ್ಲಿ ರಿಲೀಸ್ ಹಿಂದಿನ ರಾತ್ರಿ ಒಂದು ಇಫ್ ಕಂಡೀಷನ್ ತುರುಕಿ ಮನೆಗೆ ಹೋಗ್ತೀವಲ್ಲ, ಅದೇ ಬುದ್ಧಿ.

ವೀಣೆಯಲ್ಲಿ 24 ಮೆಟ್ಟಿಲುಗಳನ್ನ ಮೇಣದಲ್ಲೇ ಕೂರಿಸಿರ್ತಾರೆ. ಮೆಟ್ಟಿಲು ಹದ ತಪ್ಪಿದ್ರೆ ಮೇಣ ಮೆತ್ತಗೆ ಮಾಡಿ ಮತ್ತೆ ಕೂರಿಸ್ತಾರೆ. ಗಿಟಾರಲ್ಲಿ ಫ್ರೆಟ್ಟಿನ ಕೆಳಗಿನ ಅಲಗು, ಅದರ ಸಣ್ಣ ಮುಳ್ಳುಗಳ ಸಮೇತ, ಮರದ ಸೀಳಿನಲ್ಲಿ ಕಚ್ಚಿಕೊಂಡಿರುತ್ತೆ. ಹವೆಗೆ ಮರ ಹಿಗ್ಗಿ ಕುಗ್ಗುತ್ತೆ, ಲೋಹ ಹಾಗೆ ಮಾಡಲ್ಲ. ಹಿಡಿತ ಸಡಿಲ ಆಗೋದು ಹೀಗೂ ಉಂಟು.

ನಾನು ಮಾಡಿದ್ದು ಇಷ್ಟು. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿದೆ. ಫ್ರೆಟ್ಟಿನ ಎರಡೂ ಬದಿ ಕಾಗದದ ಟೇಪ್ ಅಂಟಿಸಿದೆ. ಕತ್ತಿನ ಕೆಳಗೆ, ಸರಿಯಾಗಿ ಎಂಟನೇ ಫ್ರೆಟ್ಟಿನ ನೇರಕ್ಕೆ, ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟೆ. ಅದಿಲ್ಲದೆ ಬಡಿದ್ರೆ ಪೆಟ್ಟು ಫ್ರೆಟ್ಟಿಗಲ್ಲ, ಕತ್ತಿಗೆ. ಮೇಲೆ ಮರದ ತುಂಡಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಕೂತಿತು... ಬೆಳಿಗ್ಗೆ ನೋಡಿದ್ರೆ ಮತ್ತೆ ಎದ್ದಿದೆ! ಎರಡನೇ ಸಲ ನೀರಿನಂಥ ತೆಳು ಸೂಪರ್ ಗ್ಲೂ ಒಂದೇ ಹನಿ ಸಂದಿಗೆ ಬಿಟ್ಟೆ, ತಾನೇ ಒಳಗೆ ಇಳೀತು. ಮರದ ತುಂಡಿಟ್ಟು ಕ್ಲಾಂಪ್ ಬಿಗಿದು, ಉಳಿದದ್ದನ್ನ ತಕ್ಷಣ ಒರೆಸಿದೆ. ಟೇಪ್ ಮೀರಿ ಒಂದು ಕಡೆ ಕಲೆ ಉಳಿದಿದೆ, ನಾಚಿಕೆ ಇಲ್ಲದೆ ಒಪ್ಕೋತೀನಿ.

ಎಲ್ಲಾ ಮನೆಯಲ್ಲೂ ಝರ್ರ್ ಅಂದ್ರೆ ಅದು ಕತ್ತಿನ ಬಾಗಿನ ವಿಷಯ ಇರಬಹುದು, ಅದಕ್ಕೆ ಸುತ್ತಿಗೆ ಹಿಡೀಬೇಡಿ. ಎಲ್ಲಾ ಫ್ರೆಟ್ ಬದಲಿಸೋ ಕೆಲಸವನ್ನೂ ನಾನು ಮುಟ್ಟಲ್ಲ, ಅದು ಬಲ್ಲವರದ್ದು. ಆದ್ರೆ ಒಂದು ಎದ್ದಿದ್ರೆ, ಅರವನ್ನ ಯಾರ ಕೈಗೂ ಕೊಡೋ ಮೊದಲು ಆ ಮರದ ತುಂಡಿನಿಂದ ಒಮ್ಮೆ ಒತ್ತಿ ನೋಡಿ.

ಈಗ ಏಳನೇ ಮನೆ ಶುದ್ಧ. ಅಕ್ಕಿ ಚೀಲ ಎಲ್ಲಿ ಅಂತ ಅಮ್ಮ ಎರಡು ದಿನದಿಂದ ಕೇಳ್ತಿದಾರೆ.