ತಂಪಾನೂರಿನ ಕೋಣೆಯಲ್ಲಿ ಎಡಪ್ಪಳ್ಳಿಯ ಹಾಡು

ಹಳೆಯ ಕ್ಯಾಸೆಟ್ಟುಗಳು, ಮದುವೆಯ ವೀಡಿಯೋ, ಅಜ್ಜಿ ಹಾಡಿದ ಹಸೆಯ ಹಾಡು, ಇವನ್ನೆಲ್ಲ ಕಂಪ್ಯೂಟರಿಗೇರಿಸಿ ಮನೆಯ ಮೂಲೆಯಲ್ಲೊಂದು ಸಣ್ಣ ಸರ್ವರ್ ಇಟ್ಟುಕೊಂಡ ಮನೆಗಳು ನಮ್ಮ ಬಳಗದಲ್ಲಿಯೂ ಉಂಟು. ಮನೆಯೊಳಗೆ ಎಲ್ಲವೂ ಸುಸೂತ್ರ. ಹೊಸ್ತಿಲು ದಾಟಿದರೆ ಪೇಚಾಟ.

ಎಡಪ್ಪಳ್ಳಿಯ ಮಿತ್ರರೊಬ್ಬರು ತಂದೆಯವರ ಚಿಕಿತ್ಸೆಗೆಂದು ತಿರುವನಂತಪುರಕ್ಕೆ ಹೋಗಿ, ತಂಪಾನೂರಿನ ಹೋಟೆಲೊಂದರಲ್ಲಿ ಹತ್ತು ದಿನ ತಂಗಬೇಕಾಯಿತು. ಮುದುಕರಿಗೆ ನಿದ್ದೆಯಿಲ್ಲ. “ನಿಮ್ಮಮ್ಮನ ಹಾಡು ಹಾಕೋ” ಎಂದರು. ಹಾಡು ಇದ್ದುದು ಸುಮಾರು ಇನ್ನೂರು ಕಿಲೋಮೀಟರು ಆಚೆ. ಹಾಡಿದಾಕೆ ತೀರಿಕೊಂಡು ಆರು ವರ್ಷ. ಹೋಟೆಲಿನ ವೈಫೈ ಇತ್ತು, ಫೋನಿತ್ತು, ಹಾಡು ಮಾತ್ರ ಬರಲಿಲ್ಲ.

ಏಕೆಂದರೆ, ನಮ್ಮ ಬಹುಪಾಲು ಮನೆಗಳ ಇಂಟರ್ನೆಟ್ಟಿಗೆ ಸ್ವಂತ ವಿಳಾಸವೇ ಇರುವುದಿಲ್ಲ. ಕಂಪನಿಯವರು ಹಲವು ಮನೆಗಳಿಗೆ ಸೇರಿಸಿ ಒಂದೇ ವಿಳಾಸ ಕೊಟ್ಟಿರುತ್ತಾರೆ, ವಠಾರಕ್ಕೆಲ್ಲ ಒಂದೇ ಬಾಗಿಲಿದ್ದಂತೆ. ಒಳಗಿನವರು ಕಾಗದ ಬರೆದರೆ ಉತ್ತರ ಬಂದೀತು; ಹೊರಗಿನವರು ತಾವಾಗಿ ಬಂದರೆ ಯಾರ ಮನೆಯೆಂದು ತಿಳಿಯದು. ಸ್ವಂತ ವಿಳಾಸವಿದ್ದರೂ ರೌಟರಿನಲ್ಲಿ ಕಿಂಡಿ ತೆರೆದಿಡುವುದನ್ನು ನಾನಂತೂ ಒಪ್ಪೆ. ಬೀಗ ಅಲುಗಾಡಿಸಿ ನೋಡುವ ಯಂತ್ರಗಳು ಜಾಲದಲ್ಲಿ ಹಗಲಿರುಳೂ ಅಲೆಯುತ್ತಿರುತ್ತವೆ.

ಮಿತ್ರರ ಮನೆಯಾಕೆ ಫೋನಿನಲ್ಲಿ ಕೇಳಿಕೊಂಡು ಮನೆಯ ಸರ್ವರಿಗೆ ಟೇಲ್‌ಸ್ಕೇಲ್ ಹಾಕಿದರು. ಇವರು ತಮ್ಮ ಫೋನಿಗೂ ಹಾಕಿಕೊಂಡರು. ಎರಡೂ ಕಡೆಯವರು ತಾವಾಗಿ ಹೊರಬಂದು ನಡುದಾರಿಯಲ್ಲಿ ಕೈಹಿಡಿಯುವ ಉಪಾಯವಿದು. ಮಾತೆಲ್ಲ ವೈರ್‌ಗಾರ್ಡ್ ಎಂಬ ಗೂಢಲಿಪಿಯಲ್ಲಿ ನಡೆಯುವುದರಿಂದ ಹೋಟೆಲಿನವರಿಗೆ ಒಳಗಿರುವುದು ಕಾಣದು. ಸ್ವಂತ ಬಳಕೆಗೆ ದುಡ್ಡೂ ಇಲ್ಲ. ಅದು ಕೊಟ್ಟ ನೂರರಿಂದ ಆರಂಭವಾಗುವ ಅಂಕಿಯ ಮುಂದೆ 8096 ಸೇರಿಸಿದರೆ ಜೆಲ್ಲಿಫಿನ್ ತೆರೆಯಿತು. ಮೂರನೆಯ ರಾತ್ರಿ ಹಾಡು ಬಂತು. ಮುದುಕರು ಮೂರು ಬಾರಿ ಹಾಕಿಸಿ, ನಾಲ್ಕನೆಯದರ ನಡುವೆ ನಿದ್ದೆಹೋದರಂತೆ.

ಪ್ಲೆಕ್ಸ್ ಇಟ್ಟುಕೊಂಡವರಿಗೊಂದು ಮಾತು: ಮನೆಯ ಹೊರಗಿನಿಂದ ನೋಡಲು 2025ರ ಏಪ್ರಿಲ್ ಕೊನೆಯಿಂದ ಅವರು ಹಣ ಕೇಳುತ್ತಿದ್ದಾರೆ. ಜೆಲ್ಲಿಫಿನ್ನಿಗೆ ಆ ಕಾಟವಿಲ್ಲ.

ಹೋಟೆಲಿನಲ್ಲಿ ಮೊದಲು ವೈಫೈ ಪುಟದಲ್ಲಿ ನಂಬರು, ಒಟಿಪಿ ಕೊಟ್ಟು ಒಳಹೋಗಿ, ಆಮೇಲೆ ಟೇಲ್‌ಸ್ಕೇಲ್ ಹಚ್ಚಿ. ಹಾಡಿಗೆ ಅಲ್ಪ ವೇಗ ಸಾಕು. ಮದುವೆಯ ವೀಡಿಯೋ ತಡೆತಡೆದು ಬಂದರೆ ಗುಣಮಟ್ಟವನ್ನು ಮೂರು ಎಂಬಿಪಿಎಸ್‌ಗೆ ಇಳಿಸಿ. ಆಗ ಮನೆಯ ಯಂತ್ರ ಅದನ್ನು ಕುಗ್ಗಿಸಿ ಕಳಿಸುತ್ತದೆ, ಬಡಕಲು ಯಂತ್ರವಾದರೆ ಏದುಸಿರು ಬಿಟ್ಟೀತು. ಕೋಣೆಯ ಟಿವಿಗೆ ಫೋನಿನಿಂದ ಗಾಳಿಯಲ್ಲೇ ಚಿತ್ರ ಕಳಿಸುವುದು ಅನೇಕ ಕಡೆ ನಡೆಯದು, ಅತಿಥಿಗಳ ಸಾಧನಗಳು ಒಂದನ್ನೊಂದು ನೋಡದಂತೆ ಕಟ್ಟಿರುತ್ತಾರೆ. ಲ್ಯಾಪ್‌ಟಾಪಿನ ಜೊತೆ ಎಚ್‌ಡಿಎಂಐ ಕೇಬಲ್ಲೊಂದಿರಲಿ. ಆ ಟಿವಿಯಲ್ಲಿ ನಿಮ್ಮ ಪಾಸ್‌ವರ್ಡ್ ಮಾತ್ರ ಬರೆಯಬೇಡಿ.

ಇದನ್ನೆಲ್ಲ ಹೊರಡುವ ಮೊದಲೇ ಪರೀಕ್ಷಿಸುವುದು ಸುಲಭ: ಮನೆಯಲ್ಲಿಯೇ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ಸರ್ವರೂ ಮಲಗುತ್ತದೆ. ಅದನ್ನೂ ರೌಟರನ್ನೂ ಇನ್ವರ್ಟರಿಗೆ ಸೇರಿಸಿಡಿ. ಮಕ್ಕಳಿಗೆ ಬೇಕಾದ ಒಂದೆರಡು ಕಥೆಗಳನ್ನು ಫೋನಿಗೇ ಇಳಿಸಿಕೊಂಡಿದ್ದರೆ, ಕೊಲ್ಲಂ ದಾಟುವ ತನಕ ರೈಲಿನಲ್ಲಿ ಸಿಗ್ನಲಿನ ದಾರಿ ಕಾಯುವುದೂ ತಪ್ಪುತ್ತದೆ.