ಮಳೆಯ ಲೆಕ್ಕ ಮಕ್ಕಳ ಕೈಗೆ: ಸಕಲೇಶಪುರ–ಆಲೂರು ಮಲೆಗಳಲ್ಲಿ ಹವಾಮಾನದ ಪಾಠ



2025ರಲ್ಲಿ ನೈಋತ್ಯ ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿತು. 2009ರ ತರುವಾಯ ಅದು ಇಷ್ಟು ಬೇಗ ಬಂದದ್ದು ಇದೇ ಮೊದಲು. ಶಾಲೆಗಳ ಬಾಗಿಲು ತೆರೆಯುವ ಮುನ್ನವೇ ಹೆತ್ತೂರು, ಯಸಳೂರು, ಹಾನುಬಾಳು ಸೀಮೆಯಲ್ಲಿ ಮಳೆ ಹಿಡಿದುಕೊಂಡಿತು. ಮಲೆನಾಡಿನ ಮಕ್ಕಳಿಗೆ ಮಳೆಗಾಲವೆಂದರೆ ಮೊದಲಿಗೆ ರಜೆಯ ಸುದ್ದಿ. ಜಿಲ್ಲಾಧಿಕಾರಿಗಳ ಆದೇಶ ಬಂದಿತೇ ಎಂದು ಬೆಳಗಾಗುತ್ತಲೇ ಮೊಬೈಲ್ ನೋಡುವುದು ಮನೆಮನೆಯ ರೂಢಿ. ಆದರೆ 2024ರಿಂದೀಚೆಗೆ ಆ ರಜೆಯ ಸಂಭ್ರಮದೊಳಗೆ ಒಂದು ಅಂಜಿಕೆಯೂ ಸೇರಿಕೊಂಡಿರುವುದನ್ನು ನಾವು ಕಂಡಿದ್ದೇವೆ.

2024ರ ಜುಲೈ ತಿಂಗಳನ್ನು ಈ ಭಾಗದವರು ಮರೆಯುವಂತಿಲ್ಲ. ಸಕಲೇಶಪುರದಾಚೆ ದೊಡ್ಡತಪ್ಪಲಿನ ಬಳಿ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಗುಡ್ಡ ಮತ್ತೆ ಮತ್ತೆ ಜರಿಯಿತು. ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಗಿ, ಮಂಗಳೂರಿನ ರೈಲುಗಳು ದಿನಗಟ್ಟಲೆ ನಿಂತವು. ಅದಾದ ನಾಲ್ಕನೆಯ ದಿನ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ನಿದ್ದೆಯಲ್ಲಿದ್ದಾಗಲೇ ಮಣ್ಣುಪಾಲಾದವು. ಇದರ ಹಿಂದಿನ ವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತ್ತೆಂಬುದನ್ನು ನೆನೆದರೆ, ಹನ್ನೆರಡು ತಿಂಗಳ ಅಂತರದಲ್ಲಿ ನಾವು ಎಂತಹ ತುದಿಯಿಂದ ಎಂತಹ ತುದಿಗೆ ಬಂದೆವೆಂಬುದು ತಿಳಿಯುತ್ತದೆ.

ಈ ಹಿನ್ನೆಲೆಯಲ್ಲಿಯೇ, ಪೂಜ್ಯರ ಅಪ್ಪಣೆಯಂತೆ, ಕಳೆದ ಏಪ್ರಿಲ್ ರಜೆಯಲ್ಲಿ ಶ್ರೀಮಠದ ಆವರಣದಲ್ಲಿ ಮೂರು ದಿನಗಳ ಮಕ್ಕಳ ಕಮ್ಮಟವೊಂದು ನಡೆಯಿತು. ನಡೆಸಿಕೊಟ್ಟವರು ಸಂಬಳದವರಲ್ಲ. ನಿವೃತ್ತ ವಿಜ್ಞಾನ ಮೇಷ್ಟರೊಬ್ಬರು, ಹಾಸನದ ಕಾಲೇಜಿನಲ್ಲಿ ಓದುತ್ತಿರುವ ನಾಲ್ವರು ವಿದ್ಯಾರ್ಥಿಗಳು, ತೋಟದ ಲೆಕ್ಕ ಬರೆಯುವ ರೈಟರೊಬ್ಬರು, ಆಲೂರು ಕಡೆಯ ಒಬ್ಬ ರೈತ ಮಹಿಳೆ. ಸತ್ಯ ಹೇಳಬೇಕೆಂದರೆ ಮೊದಲ ದಿನ ನಮಗೆ ಹೆಚ್ಚಿನ ನಿರೀಕ್ಷೆ ಇರಲಿಲ್ಲ. ಪರಿಸರ ದಿನಾಚರಣೆಯ ಭಾಷಣಗಳನ್ನು ಕೇಳಿ ಕೇಳಿ, ಭಾಷಣಗಳನ್ನು ಮಾಡಿ ಮಾಡಿ, ನಮ್ಮ ಕಿವಿಯೂ ನಾಲಗೆಯೂ ಜಡ್ಡುಗಟ್ಟಿವೆ.

ಅವರು ಭಾಷಣ ಮಾಡಲಿಲ್ಲ. ಹಿಂದಿನ ವಾರದ ದಾಸೋಹದಲ್ಲಿ ಭಕ್ತರು ಬಿಟ್ಟುಹೋಗಿದ್ದ ನೀರಿನ ಬಾಟಲಿಗಳನ್ನು ಮಕ್ಕಳಿಂದಲೇ ಆಯಿಸಿದರು. ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ, ಅಡಿಯಲ್ಲಿ ಬೆಣಚುಕಲ್ಲು ತುಂಬಿ, ಹೊರಗೆ ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಆಮೇಲೆ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾದರೆ ಒಂದು ಎಕರೆ ತೋಟದ ಮೇಲೆ ಒಂದು ಇಂಚು ಮಳೆ ಬಿದ್ದರೆ? ಏಳನೆಯ ತರಗತಿಯ ಹುಡುಗನೊಬ್ಬ ಗುಣಿಸಿ ನೋಡಿ, ತನ್ನ ಉತ್ತರವನ್ನು ತಾನೇ ನಂಬದೆ ಮತ್ತೊಮ್ಮೆ ಗುಣಿಸಿದ. ಸುಮಾರು ಒಂದು ಲಕ್ಷ ಲೀಟರ್! ಐದು ಸಾವಿರ ಲೀಟರಿನ ಟ್ಯಾಂಕರುಗಳಾದರೆ ಇಪ್ಪತ್ತು. ಒಂದೇ ರಾತ್ರಿ ಏಳೆಂಟು ಇಂಚು ಸುರಿದಾಗ ಗುಡ್ಡದ ಹೆಗಲ ಮೇಲೆ ಎಷ್ಟು ಭಾರ ಬೀಳುತ್ತದೆಂದು ಅವನಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಎರಡನೆಯ ದಿನ ಮೂರು ತಗಡಿನ ತಟ್ಟೆಗಳಲ್ಲಿ ಮಣ್ಣಿನ ಇಳಿಜಾರು ಮಾಡಿದರು. ಒಂದರ ಮೇಲೆ ಬೇರುಸಹಿತ ಹುಲ್ಲು ಮತ್ತು ತರಗೆಲೆ, ಮತ್ತೊಂದು ಬೋಳು, ಮೂರನೆಯದರ ಬುಡವನ್ನು ರಸ್ತೆಗೆಂದು ಕಡಿದಂತೆ ಕರಣೆಯಿಂದ ನೆಟ್ಟಗೆ ಕಡಿದಿದ್ದರು. ಹೂಕುಂಡಕ್ಕೆ ನೀರುಣಿಸುವ ಜರಡಿ ಡಬ್ಬಿಯಿಂದ ಮೂರಕ್ಕೂ ಒಂದೇ ಪ್ರಮಾಣದ ಮಳೆ ಸುರಿಸಲಾಯಿತು. ಮೊದಲನೆಯದರಿಂದ ತಿಳಿನೀರು ಬಸಿಯಿತು, ಎರಡನೆಯದರಿಂದ ಕೆಂಪು ನೀರು ಹರಿಯಿತು, ಮೂರನೆಯದು ಸ್ವಲ್ಪ ಹೊತ್ತು ಏನೂ ಆಗದಂತೆ ನಿಂತಿದ್ದು ಒಮ್ಮೆಲೇ ಕುಸಿಯಿತು. ಮಕ್ಕಳು ಕೇಕೆ ಹಾಕಿ ನಕ್ಕರು. ನಗದಿದ್ದವಳು ಒಬ್ಬಳೇ. ತೋಟದ ಲೈನ್ ಮನೆಯಿಂದ ಬಂದಿದ್ದ ಹುಡುಗಿ. ‘ನಮ್ಮನೆ ಮೇಲ್ಗಡೇನೂ ಹಿಂಗೇ ಕಡಿದವ್ರೆ’ ಎಂದಳು. ಸ್ವಯಂಸೇವಕರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾವೂ ಅಲ್ಲಿಯೇ ಇದ್ದೆವು.

ಈ ಒಂದು ಮಾತಿನಿಂದಾಗಿಯೇ ಈ ಲೇಖನವನ್ನು ಬರೆಯಬೇಕಾಗಿದೆ.

ಪರಿಸರ ಶಿಕ್ಷಣ ನಮ್ಮ ದೇಶಕ್ಕೆ ಹೊಸತಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಅದನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಬೇಕೆಂದು ಆದೇಶಿಸಿತು. ಇಕೋ ಕ್ಲಬ್ಬುಗಳು ಬಂದವು, ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಬಂದಿತು. ಆದರೂ ಬಹುತೇಕ ಕಡೆ ಆದದ್ದೇನು? ಪಾಠ ಪ್ರಶ್ನೋತ್ತರವಾಯಿತು, ಪ್ರಶ್ನೋತ್ತರ ಎರಡು ಅಂಕವಾಯಿತು. ಮಲೆನಾಡಿನ ಮಗುವಿಗೆ ಹವಾಮಾನ ಬದಲಾವಣೆಯ ಚಿತ್ರ ಬರೆಯೆಂದರೆ ಕರಗುವ ಹಿಮಗಡ್ಡೆಯ ಮೇಲೆ ನಿಂತ ಬಿಳಿ ಕರಡಿಯನ್ನು ಬರೆಯುತ್ತದೆ. ತನ್ನಪ್ಪನ ಕಾಫಿ ಗಿಡ ಹೂಮಳೆಗಾಗಿ ಆಕಾಶ ನೋಡುತ್ತ ನಿಂತಿರುವುದನ್ನು ಬರೆಯುವುದಿಲ್ಲ. ಫೆಬ್ರುವರಿ–ಮಾರ್ಚಿನಲ್ಲಿ ಬೀಳಬೇಕಾದ ಹೂಮಳೆ ತಪ್ಪಿದರೆ ರೊಬಸ್ಟಾ ಕಾಯಿ ಕಚ್ಚುವುದಿಲ್ಲ. ಹಣ್ಣು ಕುಯ್ಯುವ ಕಾಲದಲ್ಲಿ ಬೇಡದ ಮಳೆ ಬಿದ್ದರೆ ಕಣದಲ್ಲಿ ಹರವಿದ ಕಾಫಿ ಒಣಗುವುದಿಲ್ಲ, ಗಿಡ ಅಕಾಲದಲ್ಲಿ ಹೂ ಬಿಡುತ್ತದೆ. ಮಳೆ ನಿಲ್ಲದಿದ್ದರೆ ಮೆಣಸಿನ ಬಳ್ಳಿಗೆ ಸೊರಗು ರೋಗ. ಇವೆಲ್ಲ ಆ ಮಗು ಮನೆಯ ಊಟದ ಹೊತ್ತಿನಲ್ಲಿ ದಿನವೂ ಕೇಳುವ ಮಾತುಗಳು. ಪಠ್ಯಪುಸ್ತಕಕ್ಕೆ ಅವು ಕೇಳಿಸಿಲ್ಲ.

ಕರ್ನಾಟಕದಲ್ಲಿ ಈ ಗೋಡೆಯನ್ನು ಒಡೆದವರು ಬಹುಮಟ್ಟಿಗೆ ಸ್ವಯಂಸೇವಕರೇ. ಭಾರತ ಜ್ಞಾನ ವಿಜ್ಞಾನ ಸಮಿತಿಯ ಮಕ್ಕಳ ವಿಜ್ಞಾನ ಹಬ್ಬಗಳಲ್ಲಿ ಹಾಡು, ಆಟ, ಕತ್ತರಿ–ಕಾಗದಗಳೊಂದಿಗೆ ವಿಜ್ಞಾನ ಊರೊಳಗೆ ಬಂದಿತು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ತನ್ನ ಮಕ್ಕಳಿಗೆ ಸ್ವಂತ ಊರಿನ ಸಮಸ್ಯೆಯನ್ನೇ ಅಧ್ಯಯನದ ವಿಷಯವಾಗಿ ಆರಿಸಿಕೊಳ್ಳಲು ಹೇಳುತ್ತದೆ, 2014ರಲ್ಲಿ ಅದರ ಮುಖ್ಯ ವಿಷಯವೇ ಹವೆ ಮತ್ತು ಹವಾಮಾನವಾಗಿತ್ತು. ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ದೇಶದ ಹಲವೆಡೆ, ವಿಶೇಷವಾಗಿ ಕೇರಳದಲ್ಲಿ, ಶಾಲಾಮಕ್ಕಳು ಒಂದೊಂದು ಮರವನ್ನು ತಮ್ಮದೆಂದು ಆರಿಸಿಕೊಂಡು ಅದು ಯಾವ ವಾರ ಚಿಗುರಿತು, ಯಾವ ವಾರ ಹೂಬಿಟ್ಟಿತು ಎಂದು ವರ್ಷಗಟ್ಟಲೆ ದಾಖಲಿಸುತ್ತ ಬಂದಿದ್ದಾರೆ. ಇಂತಹ ಕೆಲಸದ ಬೆಲೆ ಕಮ್ಮಟದ ಮೂರು ದಿನಗಳಲ್ಲಿ ತಿಳಿಯುವುದಿಲ್ಲ. ಬೆಂಗಳೂರಿನಿಂದ ಬಂದು ಎರಡು ದಿನ ಬಣ್ಣ ಬಳಿಸಿ, ಛಾಯಾಚಿತ್ರ ತೆಗೆಸಿಕೊಂಡು ಹೊರಡುವ ಶಿಬಿರಗಳ ಬಗ್ಗೆ ನಮಗಿರುವ ಅಸಮಾಧಾನವೂ ಇದೇ. ಅವು ಮಗುವಿನಲ್ಲಿ ಭಯವನ್ನು ಬಿಟ್ಟುಹೋಗುತ್ತವೆ, ಕೆಲಸವನ್ನು ಬಿಟ್ಟುಹೋಗುವುದಿಲ್ಲ.

ಕೆಲಸ ಬಿಟ್ಟುಹೋದರೆ ಏನಾಗಬಲ್ಲುದೆಂಬುದಕ್ಕೆ ವಯನಾಡೇ ಸಾಕ್ಷಿ. ಕಲ್ಪೆಟ್ಟದ ಹ್ಯೂಮ್ ಪರಿಸರ ಕೇಂದ್ರವು ಜಿಲ್ಲೆಯುದ್ದಕ್ಕೂ ಸುಮಾರು 200 ಕಡೆ ಮಳೆ ಅಳೆಯುವ ಜಾಲವನ್ನು ಕಟ್ಟಿದೆ. ಅಳೆಯುವವರಲ್ಲಿ ರೈತರು, ತೋಟದವರು, ಸಾಮಾನ್ಯ ಜನರು ಇದ್ದಾರೆ. ಆ ಅಂಕಿಗಳನ್ನು ನೋಡಿಯೇ ಕೇಂದ್ರವು ದುರಂತದ ಹಿಂದಿನ ದಿನ ಅಪಾಯದ ಎಚ್ಚರಿಕೆ ನೀಡಿತ್ತು. ಎಚ್ಚರಿಕೆ ಎಲ್ಲರನ್ನೂ ಉಳಿಸಲಿಲ್ಲವೆಂಬುದು ನಿಜ. ಆದರೆ ಒಂದು ಗುಡ್ಡದ ಈಚೆಗೆ ಎರಡು ಇಂಚು, ಆಚೆಗೆ ಹತ್ತು ಇಂಚು ಬೀಳುವ ನಾಡಿನಲ್ಲಿ ತಾಲ್ಲೂಕಿಗೊಂದು ಅಂಕಿ ಸಾಲದೆಂಬುದನ್ನು ಅದು ತೋರಿಸಿಕೊಟ್ಟಿತು. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿರುವುದು ಶ್ಲಾಘನೀಯ. ಆದರೆ ಮಲೆನಾಡಿನ ಒಂದು ಪಂಚಾಯಿತಿಯೊಳಗೆ ಎಷ್ಟು ಗುಡ್ಡ, ಎಷ್ಟು ಕಣಿವೆ!

ಇನ್ನು ಇದೇ ಮಲೆಯಲ್ಲಿ ಮಳೆ ಅಳೆಯುವುದು ಹೊಸ ವಿದ್ಯೆಯೂ ಅಲ್ಲ. ನಮ್ಮ ಹಳೆಯ ಕಾಫಿ ಬೆಳೆಗಾರರ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆ ಪುಸ್ತಕಗಳಿವೆ. ಬೆಳಿಗ್ಗೆ ಎದ್ದು ಅಂಗಳದ ಮಾಪಕ ನೋಡಿ, ‘ಎರಡು ಇಂಚು ಮೂವತ್ತು ಸೆಂಟ್ಸ್’ ಎಂದು ಬರೆದಿಟ್ಟ ಪುಟಗಳು. ಇಂಚಿನ ನೂರನೆಯ ಒಂದು ಭಾಗಕ್ಕೆ ಸೆಂಟ್ಸ್ ಎನ್ನುವ ಈ ರೂಢಿಯನ್ನು ತೋಟದವರ ಬಾಯಲ್ಲಿಯೇ ಕೇಳಬೇಕು. ಕಮ್ಮಟದ ಮೂರನೆಯ ದಿನ ರೈಟರು ಅಂತಹ ಒಂದು ಪುಸ್ತಕ ತಂದಿದ್ದರು. ಗೆದ್ದಲು ಅಂಚನ್ನು ತಿಂದಿತ್ತು. ಮಕ್ಕಳು ತಮ್ಮ ಮನೆಯ ಹಿರಿಯರಿಂದ ಕೇಳಿ ಬಂದಿದ್ದ ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಮಳೆಗಳ ಹೆಸರನ್ನು ಅದರ ತಾರೀಖುಗಳೊಂದಿಗೆ ಹೊಂದಿಸಿ ಗೋಡೆಯುದ್ದದ ಒಂದು ಪಟ ಬರೆದರು. ‘ಆರಿದ್ರೆ ಹಿಡಿದ್ರೆ ಹೊದ್ದ ಕಂಬಳಿ ಒಣಗ್ತಿರ್ಲಿಲ್ಲ ಕಣವ್ವ’ ಎಂದು ಒಬ್ಬಳ ಅಜ್ಜಿ ಹೇಳಿದ್ದಳಂತೆ. ಮಳೆಯ ದಿನಗಳು ಕಡಿಮೆಯಾಗಿ, ಬಿದ್ದ ದಿನ ವಿಪರೀತವಾಗಿ ಬೀಳುವುದೇ ಬದಲಾವಣೆಯ ಒಂದು ಗುರುತೆಂದು ಮೇಷ್ಟರು ಆಗ ಹೇಳಿದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ತೇವವನ್ನು ಹೊರಬಲ್ಲುದು. 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಸುಮಾರು 1.55 ಡಿಗ್ರಿ ಮೇಲೇರಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ.

ಕಮ್ಮಟ ಮುಗಿದ ವಾರ ಶ್ರೀಮಠಕ್ಕೆ ಬಹುಕಾಲದಿಂದ ನಡೆದುಕೊಳ್ಳುವ ಭಕ್ತರೊಬ್ಬರು ನಮಗೆ ದೂರವಾಣಿ ಮಾಡಿದರು. ‘ಕಾರ್ಯದರ್ಶಿಗಳೇ, ಮಠದಲ್ಲಿ ಮಕ್ಕಳ ತಲೆಗೆ ಕಸ್ತೂರಿರಂಗನ್ ವರದಿ ತುಂಬುತ್ತಿದ್ದೀರಂತೆ’ ಎಂದರು. ಧ್ವನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಅವರ ನೋವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆ ವರದಿಯ ಆಧಾರದ ಕರಡು ಅಧಿಸೂಚನೆ 2024ರ ಜುಲೈ 31ರಂದು ಆರನೆಯ ಬಾರಿ ಹೊರಬಿದ್ದಾಗ ಈ ಎರಡೂ ತಾಲ್ಲೂಕುಗಳಲ್ಲಿ ಎಷ್ಟು ಮನೆಗಳು ನಿದ್ದೆಗೆಟ್ಟವೆಂದು ಬಲ್ಲೆವು. ರಾಜ್ಯ ಸಚಿವ ಸಂಪುಟವು ಸೆಪ್ಟೆಂಬರಿನಲ್ಲಿ ಅದನ್ನು ತಿರಸ್ಕರಿಸಿತು. ಮಲೆಯ ನೆರಳು ಇಷ್ಟಾದರೂ ಉಳಿದಿರುವುದು ಕಾಫಿ ಬೆಳೆಗಾರ ಮರ ಉಳಿಸಿಕೊಂಡದ್ದರಿಂದ. ಆನೆಯ ಹಾವಳಿಯನ್ನು ದಿನವೂ ತಾಳಿಕೊಳ್ಳುತ್ತಿರುವವನೂ ಅವನೇ, ಅವನ ತೋಟದ ಕೂಲಿಕಾರನೇ. ಎತ್ತಿನಹೊಳೆ ಯೋಜನೆಗಾಗಿ ಸರ್ಕಾರವೇ ಗುಡ್ಡಗಳನ್ನು ಬಗೆದಾಗ ಕಾಣದ ಪರಿಸರ, ರೈತ ಒಂದು ಮರ ಕಡಿದಾಗ ಮಾತ್ರ ಕಾಣುವುದೇಕೆ ಎಂಬ ಅವರ ಪ್ರಶ್ನೆಯೂ ಅನ್ಯಾಯದ್ದಲ್ಲ.

ಆದರೆ ಹುಡುಗಿಯ ಮನೆಯ ಮೇಲ್ಗಡೆ ಗುಡ್ಡ ಕಡಿದದ್ದು ಯಾವ ವರದಿಯೂ ಅಲ್ಲ, ಜೆಸಿಬಿ. ಹೋಂಸ್ಟೇಗೆ ದಾರಿ, ರೆಸಾರ್ಟಿಗೆ ಸಮತಟ್ಟು, ನೋಟಕ್ಕೊಂದು ಮನೆ. ಅತ್ತಿ, ಹಲಸು, ನಂದಿಯ ಜಾಗದಲ್ಲಿ ಬೇಗ ಬೆಳೆಯುವ ಸಿಲ್ವರ್ ಓಕ್. ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತು ಇತ್ತೀಚೆಗೆ ನಮ್ಮೆಲ್ಲರಿಗೂ ಅನುಕೂಲದ ಅಡಗುದಾಣವಾಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ. ವಯನಾಡಿನ ಆ ಮಳೆಯ ಬಿರುಸು ಭೂಮಿ ಬಿಸಿಯಾಗಿರುವುದರಿಂದ ಸುಮಾರು ಶೇಕಡ 10ರಷ್ಟು ಹೆಚ್ಚಿತ್ತೆಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿದೆ. ಆ ಹತ್ತರ ಪಾಲಿಗೆ ಅಮೆರಿಕ, ಚೀನಾಗಳನ್ನು ದೂರೋಣ. ಆ ಮಳೆ ಬೀಳುವ ಇಳಿಜಾರಿನ ಖಾತೆ ನಮ್ಮ ಹೆಸರಿನಲ್ಲಿದೆ. ಮಕ್ಕಳಿಗೆ ಮೊದಲನೆಯದನ್ನು ಮಾತ್ರ ಕಲಿಸಿ ಎರಡನೆಯದನ್ನು ಮುಚ್ಚಿಡುವುದಾದರೆ, ಅವರು ನಮ್ಮನ್ನು ನಂಬುವುದು ಎಷ್ಟು ವರ್ಷ? ಭಕ್ತರಿಗೆ ನಾವು ಇಷ್ಟನ್ನೇ ವಿನಯದಿಂದ ಹೇಳಿದೆವು. ಅವರು ಒಪ್ಪಲಿಲ್ಲ. ‘ಮೊಮ್ಮಗನನ್ನು ಮುಂದಿನ ಸಾರಿಯೂ ಕಳಿಸ್ತೀನಿ, ಅವನು ಬರ್ತೀನಿ ಅಂತಾನೆ’ ಎಂದು ಮಾತು ಮುಗಿಸಿದರು.

ಮಠಕ್ಕೂ ಇದರಲ್ಲಿ ಪಾಲಿದೆ. ಮಕ್ಕಳು ಆಯ್ದ ಬಾಟಲಿಗಳು ಎಲ್ಲಿಂದ ಬಂದವೆಂದು ಮೇಲೆಯೇ ಹೇಳಿದೆವು. ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ ಕಥೆಯನ್ನು ಪ್ರತಿ ಬಸವ ಜಯಂತಿಯಂದು ಹೇಳುವ ವೇದಿಕೆಯ ಹಿಂದೆಯೇ ಪ್ಲಾಸ್ಟಿಕ್ ಲೋಟಗಳ ರಾಶಿ ಬಿದ್ದಿರುತ್ತದೆ. ಈಗ ದಾಸೋಹಕ್ಕೆ ಬಾಳೆಲೆ, ಸ್ಟೀಲ್ ಲೋಟ ಎಂದು ನಿರ್ಧಾರವಾಗಿದೆ. ತೊಳೆಯುವವರ ಕೊರತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಪರಂಪರೆಯ ಮಠಗಳು ಇದಕ್ಕಿಂತ ದೊಡ್ಡ ಭಾರವನ್ನು ಹೊತ್ತದ್ದುಂಟು. ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಮಹಾಸ್ವಾಮಿಗಳು 2011ರಲ್ಲಿ ಪೋಸ್ಕೊ ಕಾರ್ಖಾನೆಯ ವಿರುದ್ಧ ರೈತರೊಂದಿಗೆ ನಿಂತರು. ಕಪ್ಪತಗುಡ್ಡದ ಸಂರಕ್ಷಿತ ಸ್ಥಾನಮಾನವನ್ನು ಸರ್ಕಾರ 2016ರಲ್ಲಿ ಹಿಂತೆಗೆದಾಗ ಅವರೂ ಡೋಣಿಯ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳೂ ಬೀದಿಗಿಳಿದರು. 2017ರಲ್ಲಿ ಆ ಸ್ಥಾನಮಾನ ಮರಳಿತು.

ಈಗ ನಡೆಯುತ್ತಿರುವುದು ಸಣ್ಣ ಕೆಲಸ. ಕಮ್ಮಟಕ್ಕೆ ಬಂದ ಮಕ್ಕಳು ತಮ್ಮ ತಮ್ಮ ಮನೆಯಂಗಳದಲ್ಲಿ ಬಾಟಲಿ ಮಾಪಕ ಇಟ್ಟುಕೊಂಡು, ಬೆಳಿಗ್ಗೆ ಎಂಟೂವರೆಗೆ ನೋಡಿ, ಅಂಕಿಯನ್ನು ಮೇಷ್ಟರಿಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಾರೆ. ಕೆಲವರು ಮರೆಯುತ್ತಾರೆ. ಒಬ್ಬನ ಬಾಟಲಿಯನ್ನು ನಾಯಿ ಕಚ್ಚಿಕೊಂಡು ಹೋಯಿತು. ಲೈನ್ ಮನೆಯ ಹುಡುಗಿ ಇದುವರೆಗೆ ಒಂದು ದಿನವನ್ನೂ ತಪ್ಪಿಸಿಲ್ಲ. ಅವಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಕಾರಣ ರೈಟರ ಬಳಿ ಬಂದು ಹೇಳಿಹೋಗುತ್ತಾಳೆ. ಅವಳ ಮನೆಯ ಮೇಲಿನ ಕಡಿತದ ವಿಷಯವನ್ನು ಪೂಜ್ಯರು ತೋಟದ ಮಾಲೀಕರೊಂದಿಗೆ ಮಾತನಾಡಿದ್ದಾರೆ. ಮಳೆ ಜೋರಾದ ರಾತ್ರಿಗಳಲ್ಲಿ ಅಲ್ಲಿನ ಮನೆಗಳವರು ಬಂದು ಉಳಿಯಲೆಂದು ಶ್ರೀಮಠದ ಪ್ರಸಾದ ನಿಲಯದ ಕೆಳಗಿನ ಎರಡು ಕೊಠಡಿಗಳನ್ನು ತೆರವು ಮಾಡಿಸಲಾಗಿದೆ. ತಡೆಗೋಡೆ ಇನ್ನೂ ಕಟ್ಟಿಲ್ಲ.

ಭಕ್ತರಲ್ಲಿ ಎರಡು ಅರಿಕೆಗಳಿವೆ. ಹೆತ್ತೂರು, ಯಸಳೂರು, ಬೆಳಗೋಡು, ಪಾಳ್ಯ, ಮಗ್ಗೆ ಕಡೆಗಳಲ್ಲಿ ದಿನವೂ ಮಳೆ ಅಳೆಯುವ ಮಕ್ಕಳಿಗೆ ಜೊತೆಯಾಗಿ ನಿಲ್ಲಬಲ್ಲ ಹಿರಿಯರು, ಕಾಲೇಜು ವಿದ್ಯಾರ್ಥಿಗಳು ಶ್ರೀಮಠದ ಕಚೇರಿಯಲ್ಲಿ ಹೆಸರು ಕೊಡಬೇಕು. ಮತ್ತೆ, ಯಾರ ಮನೆಯ ಅಟ್ಟದಲ್ಲಾಗಲಿ, ಕಬ್ಬಿಣದ ಪೆಟ್ಟಿಗೆಯಲ್ಲಾಗಲಿ ತಂದೆ ತಾತಂದಿರ ಮಳೆ ಪುಸ್ತಕಗಳಿದ್ದರೆ, ಎಷ್ಟೇ ಹರಿದಿರಲಿ, ತಂದುಕೊಡಿರಿ. ನಕಲು ಮಾಡಿಕೊಂಡು ಅದೇ ದಿನ ಹಿಂದಿರುಗಿಸಲಾಗುವುದು.